ತುಂಬದ ಟಾಕಿ, ಕೆಡುವ ಬಾವಿ

ಜತ್ತ ತಾಲೂಕಿನ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟಿದವರು ಬಂದ ಬೀಗರಿಗೆ ಪಡಸಾಲೆ, ಅಡುಗೆಮನೆ, ದೇವರ ಕೋಣೆಗಳನ್ನು ತೋರಿಸಿದ ಮೇಲೆ ಹಿತ್ತಿಲಿನ ಸಿಮೆಂಟು ಮುಚ್ಚಳವನ್ನೂ ತೋರಿಸುವುದುಂಟು. ಹತ್ತು ಫೂಟು ಉದ್ದ, ಹತ್ತು ಫೂಟು ಅಗಲ, ಹತ್ತು ಫೂಟು ಆಳದ ಶೌಚದ ಟಾಕಿ. ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲವೆಂಬ ಹೆಮ್ಮೆಯ ಮಾತು ಅದರ ಜೊತೆಗೇ ಬರುತ್ತದೆ. ಕೇಳಿದವರು ತಲೆದೂಗುತ್ತಾರೆ. ಮುಂದಿನ ವರ್ಷ ಅವರ ಹಿತ್ತಿಲಿನಲ್ಲಿಯೂ ಅದೇ ಅಳತೆಯ ಹೊಂಡ ತೋಡಲಾಗುತ್ತದೆ.

ಈ ಹೆಮ್ಮೆಯನ್ನು ಒಮ್ಮೆ ಲೆಕ್ಕದ ತಕ್ಕಡಿಯಲ್ಲಿ ತೂಗಿ ನೋಡಬೇಕು. ಸಾವಿರ ಘನ ಅಡಿಯ ಹೊಂಡದಲ್ಲಿ ಸುಮಾರು 28,300 ಲೀಟರ್ ನೀರು ಹಿಡಿಸುತ್ತದೆ. ಎಂಟು ಜನರ ಕುಟುಂಬದಲ್ಲಿ ತಲೆಗೆ ದಿನಕ್ಕೆ 30 ಲೀಟರಿನಂತೆ ಶೌಚದ ನೀರನ್ನಷ್ಟೇ ಹಿಡಿದರೂ ದಿನವೊಂದಕ್ಕೆ 240 ಲೀಟರ್ ಆಯಿತು. ಅಂದರೆ ನಾಲ್ಕು ತಿಂಗಳೊಳಗೆ ಆ ಹೊಂಡ ಬಾಯಿಮಟ ತುಂಬಲೇಬೇಕು. ಹತ್ತು ವರ್ಷವಾದರೂ ತುಂಬದಿದ್ದರೆ ನೀರು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ತಳಕ್ಕೆ ಕಾಂಕ್ರೀಟು ಹಾಕದೆ, ಗೋಡೆಗೆ ಗಿಲಾಯ ಮಾಡದೆ ಬಿಟ್ಟ ಹೊಂಡದಿಂದ ಅದು ಮುರುಮಿನೊಳಗೆ, ಬಂಡೆಯ ಬಿರುಕಿನೊಳಗೆ, ಅಲ್ಲಿಂದ ಬಾವಿಗೂ ಬೋರಿಗೂ ಇಳಿಯುತ್ತದೆ. ತುಂಬದ ಟಾಕಿಯೆಂದರೆ ಸೋರುವ ಟಾಕಿ.

ನಿಜವಾದ ಸೆಪ್ಟಿಕ್ ಟ್ಯಾಂಕಿನ ಕೆಲಸವೇ ಬೇರೆ. ಅದು ನೀರು ಸೋರದ ತೊಟ್ಟಿ. ಕಟ್ಟಿದ ಕೆಲವೇ ದಿನಗಳಲ್ಲಿ ತುಂಬಿ, ಆಮೇಲೆ ಯಾವಾಗಲೂ ತುಂಬಿಯೇ ಇರುತ್ತದೆ. ಒಂದು ಕಡೆಯಿಂದ ಎಷ್ಟು ನೀರು ಒಳಬರುತ್ತದೆಯೋ ಅಷ್ಟೇ ನೀರು ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ನಡುವೆ ಅದು ನಿಂತ ಅವಧಿಯಲ್ಲಿ ಭಾರವಾದದ್ದು ಕೆಸರಾಗಿ ತಳಕ್ಕೆ ಕೂಡುತ್ತದೆ, ಜಿಡ್ಡು ಕೆನೆಯಂತೆ ಮೇಲೆ ಕಟ್ಟುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರನ್ನು ನಿಧಾನವಾಗಿ ಕರಗಿಸುತ್ತವೆ. ಹೊರಬರುವ ನೀರು ಕಣ್ಣಿಗೆ ತುಸು ತಿಳಿಯಾಗಿ ಕಂಡರೂ ರೋಗಾಣುಗಳಿಂದ ಮುಕ್ತವಲ್ಲ. ಶುದ್ಧಿಯ ಉಳಿದರ್ಧ ಕೆಲಸವನ್ನು ಮಾಡುವುದು ಮಣ್ಣು. ಆದುದರಿಂದಲೇ ಟ್ಯಾಂಕಿನ ಮುಂದೆ ಒಂದು ಇಂಗುಗುಂಡಿ, ಮರಾಠಿಯ ಸರಕಾರಿ ಕಾಗದಗಳಲ್ಲಿ ಬರುವ ಶೋಷಖಡ್ಡಾ, ಇರಲೇಬೇಕು. ಹತ್ತು ಫೂಟು ಆಳದ ಹೊಂಡವು ಮಾಡುವ ದೊಡ್ಡ ತಪ್ಪೆಂದರೆ ಈ ಮಣ್ಣಿನ ಪದರವನ್ನೇ ದಾಟಿ ಮೈಲಿಗೆಯನ್ನು ನೇರವಾಗಿ ಕಲ್ಲಿಗೆ ಒಪ್ಪಿಸುವುದು.

ಜತ್ತದ ನೆಲ ಈ ತಪ್ಪನ್ನು ಕ್ಷಮಿಸುವ ನೆಲವಲ್ಲ. ತಾಲೂಕು ನಿಂತಿರುವುದು ದಖ್ಖನಿನ ಬಸಾಲ್ಟ್ ಬಂಡೆಯ ಮೇಲೆ. ಕೆಲವೆಡೆ ಗೇಣುದ್ದದ ಮಣ್ಣು, ಕೆಲವೆಡೆ ಎರೆ, ಅದರಡಿ ಮುರುಮು, ಅದರಡಿ ಸೀಳಿಕೊಂಡ ಕರಿಗಲ್ಲು. ಮರಳು ಮಿಶ್ರಿತ ಮಣ್ಣಿನಲ್ಲಿ ನೀರು ಸೋಸಿಕೊಂಡು ಮೆಲ್ಲಗೆ ಸಾಗುತ್ತದೆ. ಬಂಡೆಯ ಬಿರುಕಿನಲ್ಲಿ ಸೋಸುವವರಿಲ್ಲ, ಅದು ಕೊಳವೆಯಲ್ಲಿ ಹರಿದಂತೆ ಹರಿಯುತ್ತದೆ. ಮೇಲುಗಡೆಯ ಓಣಿಯ ಹೊಂಡದ ನೀರು ಕೆಳಗಿನ ಓಣಿಯ ಬೋರಿನಲ್ಲಿ ಬರಲು ಕಾಲುವೆ ತೋಡಬೇಕಾಗಿಲ್ಲ. ಅದರೊಡನೆ ಬರುವುದು ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರಗಳ ಬೀಜಗಳು. ಕುದಿಸಿದರೂ ಹೋಗದ ನೈಟ್ರೇಟ್ ಕೂಡ ಬರುತ್ತದೆ. ಕುಡಿಯುವ ನೀರಿನಲ್ಲಿ ಅದರ ಪ್ರಮಾಣ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಪುಡಿಹಾಲನ್ನು ಇಂಥ ನೀರಿನಲ್ಲಿ ಕಲಸಿ ಕುಡಿಸಿದ ಹಸುಗೂಸಿನ ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವಿದೆ.

ನೀರಿನ ಬೆಲೆಯನ್ನು ಈ ತಾಲೂಕಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ಹಚ್ಚಿದ ನೆನಪು ಪ್ರತಿ ಮನೆಯಲ್ಲಿಯೂ ಇದೆ. ಮ್ಹೈಸಾಳ ಯೋಜನೆಯ ನೀರು ಬರಲಿಲ್ಲವೆಂದು ಪೂರ್ವಭಾಗದ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಆ ಮಾತು ಮತ್ತೆ ಎದ್ದು, ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ವಿಧಾನಮಂಡಲಗಳು ಗಡಿಯ ಕುರಿತು ಒಂದರ ವಿರುದ್ಧ ಒಂದು ನಿರ್ಣಯ ಅಂಗೀಕರಿಸುವವರೆಗೆ ಬೆಳೆಯಿತು. ಅಷ್ಟು ಹೋರಾಡಿ ಪಡೆಯಬೇಕಾದ ನೀರನ್ನು ಹಿತ್ತಿಲಿನ ಹೊಂಡದಿಂದ ಕೆಡಿಸಿಕೊಳ್ಳುವುದು ಎಂಥ ವಿಪರ್ಯಾಸ! ನೀರು ತರುವುದು ಸರಕಾರದ ಕೈಯಲ್ಲಿದೆ. ಇದ್ದ ನೀರನ್ನು ಕಾಯುವುದು ಮಾತ್ರ ಊರಿನ ಕೈಯಲ್ಲಿಯೇ ಇದೆ.

ನಿಯಮಗಳು ಇಲ್ಲವೆಂದಲ್ಲ. ಮುಂಬಯಿ ಮಹಾನಗರ ಮುಂತಾದ ಕೆಲವನ್ನು ಬಿಟ್ಟು ಮಹಾರಾಷ್ಟ್ರಕ್ಕೆಲ್ಲ 2020ರ ಡಿಸೆಂಬರಿನಿಂದ ಏಕೀಕೃತ ವಿಕಾಸ ನಿಯಂತ್ರಣ ನಿಯಮಾವಳಿ ಜಾರಿಯಲ್ಲಿದೆ. ಒಳಚರಂಡಿ ಇಲ್ಲದ ಸ್ಥಳಗಳಲ್ಲಿ ಸೆಪ್ಟಿಕ್ ಟ್ಯಾಂಕು ಹೇಗಿರಬೇಕೆಂಬುದನ್ನು ಅದು ಅಳತೆಯಿಟ್ಟು ಹೇಳಿದೆ. ಟ್ಯಾಂಕಿನ ಒಳಅಗಲ ಕನಿಷ್ಠ 75 ಸೆಂಟಿಮೀಟರ್, ನೀರಿನ ಮಟ್ಟದ ಕೆಳಗೆ ಆಳ ಕನಿಷ್ಠ 1 ಮೀಟರ್, ಉದ್ದವು ಅಗಲದ ಎರಡರಿಂದ ನಾಲ್ಕು ಪಟ್ಟು, ತಲೆಗೆ ಕನಿಷ್ಠ 85 ಲೀಟರ್ ನೀರಿನ ಜಾಗ. ಭಾರತೀಯ ಮಾನಕವಂತೂ ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರಿನ ಆಳ ಒಂದು ಮೀಟರ್ ಸಾಕೆನ್ನುತ್ತದೆ. ಹತ್ತು ಜನಕ್ಕೆ ಎರಡು ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ. ಈ ಅಳತೆಗಳ ಮುಂದೆ ಹತ್ತು ಫೂಟಿನ ಹೊಂಡವು ಎಷ್ಟು ಅನಾವಶ್ಯಕವೆಂಬುದು ತಾನಾಗಿಯೇ ತಿಳಿಯುತ್ತದೆ. ದೊಡ್ಡ ಹೊಂಡಕ್ಕೆ ಸುರಿಯುವ ಹಣದಲ್ಲಿ ತಳಕ್ಕೆ ಕಾಂಕ್ರೀಟು, ಒಳಗೋಡೆಗೆ ಗಿಲಾಯ, ಮುಂದೊಂದು ಇಂಗುಗುಂಡಿ ಎಲ್ಲವನ್ನೂ ಮಾಡಿಸಬಹುದು.

ದೂರದ ನಿಯಮವು ಇನ್ನೂ ಮುಖ್ಯ. ಟ್ಯಾಂಕಿನ ನೀರನ್ನು ನೆಲದಲ್ಲಿ ಇಂಗಿಸುವ ವ್ಯವಸ್ಥೆಯು ಬಾವಿ ಮೊದಲಾದ ಯಾವುದೇ ಕುಡಿಯುವ ನೀರಿನ ಮೂಲಕ್ಕೆ 12 ಮೀಟರಿಗಿಂತ, ಅಂದರೆ ಸುಮಾರು 40 ಫೂಟಿಗಿಂತ, ಹತ್ತಿರ ಇರಕೂಡದು. ವಾಸದ ಮನೆಗೆ 2 ಮೀಟರಿಗಿಂತ ಹತ್ತಿರ ಇರಕೂಡದು. ಇಲ್ಲಿ ಯಾವುದೇ ಎಂಬ ಮಾತನ್ನು ಗಮನಿಸಬೇಕು. ಅಳತೆಯನ್ನು ತನ್ನ ಬೋರಿನಿಂದ ಮಾತ್ರವಲ್ಲ, ನೆರೆಯವನ ಬೋರಿನಿಂದಲೂ ಹಿಡಿಯಬೇಕು. ನಲವತ್ತು ಫೂಟು ಉದ್ದ, ನಲವತ್ತು ಫೂಟು ಅಗಲದ ನಿವೇಶನದಲ್ಲಿ ಮನೆ, ಬೋರು, ಇಂಗುಗುಂಡಿ ಮೂರನ್ನೂ ಈ ನಿಯಮಕ್ಕೆ ಸರಿಯಾಗಿ ಕೂಡಿಸುವುದು ಬಹುತೇಕ ಆಗದ ಮಾತು. ಅಂಥಲ್ಲಿ ಒಂದನ್ನು ಬಿಡಲೇಬೇಕು. ನಳದ ನೀರು ಬರುವ ಊರಿನಲ್ಲಿ ಬೋರನ್ನು ಬಿಡುವುದು ಮೇಲು. ಬಿರುಕು ಬಂಡೆಯ ನೆಲದಲ್ಲಿ 12 ಮೀಟರು ಕನಿಷ್ಠವೇ ಹೊರತು ಅಭಯವಲ್ಲ. ಬಾವಿಯ ಮೇಲುಗಡೆಗೆ ಗುಂಡಿ ತೋಡದೆ ಇಳಿಜಾರಿನ ಕೆಳಗಡೆಗೆ ತೋಡುವುದು, ಗುಂಡಿಯನ್ನು ಆಳಕ್ಕಿಂತ ಅಗಲಕ್ಕೆ ಹಿಗ್ಗಿಸುವುದು ವಿವೇಕ.

ಗಾಳಿಕೊಳವೆ ಕನಿಷ್ಠ 50 ಮಿಲಿಮೀಟರ್ ದಪ್ಪದ್ದಿರಬೇಕು, ಅದರ ತುದಿಗೆ ಸೊಳ್ಳೆ ಹೋಗದಂಥ ತಂತಿಬಲೆ ಕಟ್ಟಬೇಕು, ಟ್ಯಾಂಕು ಮನೆಗೆ 15 ಮೀಟರಿಗಿಂತ ಹತ್ತಿರವಿದ್ದರೆ ಕೊಳವೆಯು ಮಾಳಿಗೆಗಿಂತ 2 ಮೀಟರ್ ಎತ್ತರಕ್ಕೆ ಹೋಗಬೇಕು. ಡೆಂಗಿಯ ಕಾಲದಲ್ಲಿ ಅಂಗೈಯಗಲದ ಬಲೆ ಮಾಡುವ ಉಪಕಾರ ಸಣ್ಣದಲ್ಲ. ಟ್ಯಾಂಕಿನ ನೀರನ್ನು ಶುದ್ಧೀಕರಿಸದೆ ತೆರೆದ ಗಟಾರಕ್ಕಾಗಲಿ ಹಳ್ಳಕ್ಕಾಗಲಿ ಬಿಡುವುದನ್ನು ಇದೇ ನಿಯಮಾವಳಿ ನಿಷೇಧಿಸಿದೆ. ಟ್ಯಾಂಕಿನ ಬಾಯಿಗೆ ಪೈಪು ಹಚ್ಚಿ ಬೀದಿಯ ಗಟಾರಕ್ಕೆ ತಿರುಗಿಸಿದ ಮನೆಗಳು ಯಾವ ಊರಿನಲ್ಲಿ ಇಲ್ಲ?

ಪರವಾನಗಿಯನ್ನು ಯಾರಲ್ಲಿ ಕೇಳಬೇಕೆಂಬುದು ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಜತ್ತ ಪಟ್ಟಣದಲ್ಲಾದರೆ ನಗರ ಪರಿಷತ್ತು. ಹಳ್ಳಿಯ ಗಾವಠಾಣದೊಳಗಾದರೆ ಗ್ರಾಮ ಪಂಚಾಯತಿ. 1958ರ ಗ್ರಾಮ ಪಂಚಾಯತಿ ಕಾಯಿದೆಯ 52ನೆಯ ಕಲಮು ಗಾವಠಾಣದಲ್ಲಿ ಕಟ್ಟಡ ಕಟ್ಟುವ ಮೊದಲು ಪಂಚಾಯತಿಯ ಅನುಮತಿ ಬೇಕೆನ್ನುತ್ತದೆ. ಗಾವಠಾಣದ ಹೊರಗೆ, ತೋಟದ ವಸತಿಗಳಲ್ಲಿ, 1966ರ ಭೂಕಂದಾಯ ಸಂಹಿತೆಯ ಮಾತು ಬರುತ್ತದೆ. ಅಲ್ಲಿ ಅಧಿಕಾರ ಜಿಲ್ಲಾಧಿಕಾರಿಗಳದು, ವ್ಯವಹಾರ ತಹಶೀಲ ಕಚೇರಿಯ ಮುಖಾಂತರ. ಗಾವಠಾಣದ ಗಡಿಯಿಂದ 200 ಮೀಟರ್ ಒಳಗಿನ ಜಮೀನಿನ ಬಿನ್‌ಶೇತಿಗೆ ಆ ಸಂಹಿತೆಯಲ್ಲಿ ಸುಲಭದ ದಾರಿಯೊಂದಿದೆ. ಸಾತಬಾರಾ ಉತಾರೆಯನ್ನು ಕೈಯಲ್ಲಿ ಹಿಡಿದು ತಲಾಠಿಯವರನ್ನು ಮೊದಲು ಕೇಳಿಕೊಂಡರೆ ಅರ್ಧ ತಿರುಗಾಟ ತಪ್ಪುತ್ತದೆ.

2021ರಲ್ಲಿ ಸರಕಾರವು ಹಳ್ಳಿಯವರ ಹೊರೆಯನ್ನು ಇಳಿಸಿತು. 1,600 ಚದರ ಅಡಿಯವರೆಗಿನ ನಿವೇಶನದಲ್ಲಿ ಮನೆ ಕಟ್ಟುವವರಿಗೆ ಪ್ರತ್ಯೇಕ ಪರವಾನಗಿ ಬೇಡ. ಮಾಲಕಿಯ ಕಾಗದ, ನಕಾಶೆ, ಅದು ನಿಯಮಾವಳಿಗೆ ಸರಿಯಾಗಿದೆಯೆಂಬ ಪರವಾನಾ ಪಡೆದ ಎಂಜಿನಿಯರರ ದಾಖಲೆ ಇಷ್ಟನ್ನು ಗ್ರಾಮ ಪಂಚಾಯತಿಗೆ ಸಲ್ಲಿಸಿದರಾಯಿತು. 1,600ರಿಂದ 3,200 ಚದರ ಅಡಿಯವರೆಗೆ ಅಂಥದೇ ಕಾಗದಗಳ ಆಧಾರದ ಮೇಲೆ ಪಂಚಾಯತಿಯೇ ಪ್ರಾರಂಭ ಪ್ರಮಾಣಪತ್ರ ಕೊಡುತ್ತದೆ. ಇದನ್ನು ಅನೇಕರು ನಿಯಮವೇ ಇಲ್ಲವೆಂದು ತಿಳಿದಿದ್ದಾರೆ. ಅನುಮತಿಯ ಕಾಗದಕ್ಕೆ ವಿನಾಯಿತಿ ಸಿಕ್ಕಿದೆಯೇ ಹೊರತು ಅಳತೆಗೆ ಸಿಕ್ಕಿಲ್ಲ. ನಕಾಶೆಯಲ್ಲಿ ಟ್ಯಾಂಕು, ಇಂಗುಗುಂಡಿ, ಬೋರು ಮೂರೂ ಕಾಣಬೇಕು. ಅವುಗಳ ನಡುವಿನ ದೂರ ಬರೆದಿರಬೇಕು. ಮಾಲಕನು ಸಹಿ ಹಾಕುವ ಮುನ್ನ ಈ ಮೂರನ್ನು ಬೆರಳಿಟ್ಟು ತೋರಿಸುವಂತೆ ಎಂಜಿನಿಯರರನ್ನು ಕೇಳುವುದು ಅವನ ಹಕ್ಕು.

ಟ್ಯಾಂಕೇ ಬೇಕೆಂಬ ಹಟವೂ ಬೇಡ. ಹಳ್ಳಿಯ ಒಂಟಿ ಮನೆಗೆ, ಅದರಲ್ಲಿಯೂ ತೋಟದ ವಸತಿಗೆ, ಎರಡು ಗುಂಡಿಯ ಶೌಚಾಲಯವು ಕಡಿಮೆ ಖರ್ಚಿನದು. ಸ್ವಚ್ಛ ಭಾರತ ಅಭಿಯಾನದಲ್ಲಿ 12,000 ರೂಪಾಯಿಯ ಪ್ರೋತ್ಸಾಹಧನದೊಡನೆ ಹೇಳಿಕೊಟ್ಟದ್ದು ಇದನ್ನೇ. ಜಾಳಿಗೆ ಇಟ್ಟಂಗಿಯ ಎರಡು ದುಂಡು ಗುಂಡಿಗಳು, ಒಂದೊಂದೂ ಸುಮಾರು ಒಂದು ಮೀಟರ್ ಆಳ, ನಡುವೆ ಒಂದು ಮೀಟರ್ ಅಂತರ, ಮುಂದೆ ನೀರನ್ನು ಒಂದು ಗುಂಡಿಗೆ ಮಾತ್ರ ತಿರುಗಿಸುವ ಸಣ್ಣ ಚೇಂಬರು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಬೇಕು. ತುಂಬಿದ್ದು ಒಂದೂವರೆಯಿಂದ ಎರಡು ವರ್ಷ ಮುಚ್ಚಿಕೊಂಡಿದ್ದರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಹೊಲಕ್ಕೆ ಹೋಗುತ್ತದೆ. ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲವಾದ್ದರಿಂದ ಗುಂಡಿಯ ಸುತ್ತ ಸುಮಾರು ಒಂದು ಫೂಟು ಮರಳು-ಖಡಿಯ ಕವಚ ಕಟ್ಟಬೇಕು. ಆದರೆ ಈ ಗುಂಡಿಗಳೂ ನೀರನ್ನು ನೆಲಕ್ಕೇ ಬಿಡುತ್ತವೆ. ಬಾವಿಯಿಂದ ದೂರ ಇಡುವ ಮಾತು ಇವಕ್ಕೂ ತಪ್ಪಿದ್ದಲ್ಲ.

ಇನ್ನು ಕೆಸರು ತೆಗೆಸುವ ಮಾತು. ಸರಿಯಾದ ಟ್ಯಾಂಕನ್ನು ಎರಡು-ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ತಡಮಾಡಿದರೆ ಕೆಸರು ಉಕ್ಕಿ ಇಂಗುಗುಂಡಿಯನ್ನು ಮುಚ್ಚುತ್ತದೆ. ಖಾಲಿ ಮಾಡುವುದು ಯಂತ್ರದ ಟ್ಯಾಂಕರಿನಿಂದಲೇ ಆಗಬೇಕು. ಆ ಟ್ಯಾಂಕರು ಹೊತ್ತೊಯ್ದದ್ದನ್ನು ಎಲ್ಲಿ ಸುರಿಯುತ್ತದೆ ಎಂದು ಕೇಳುವವರು ಕಡಿಮೆ. ರಾತ್ರಿಯ ಹೊತ್ತು ಹಳ್ಳದ ದಂಡೆಗೆ ಸುರಿದು ಹೋದರೆ 1974ರ ಜಲ ಮಾಲಿನ್ಯ ಕಾಯಿದೆಯ 24ನೆಯ ಕಲಮಿನ ಪ್ರಕಾರ ಅದು ನಿಷಿದ್ಧ. ತಿಳಿದೂ ಸುರಿಯಗೊಟ್ಟವನೂ ಅದೇ ಕಲಮಿನಡಿ ಬರುತ್ತಾನೆ. ಗುಡ್ಡಾಪುರದ ದಾನಮ್ಮದೇವಿಯ ಕ್ಷೇತ್ರದಂಥ ಯಾತ್ರಾಸ್ಥಳಗಳಲ್ಲಿ ಒಂದೆರಡು ದಿನದಲ್ಲಿ ಸಾವಿರಾರು ಜನ ಕೂಡುವಾಗ ಈ ಪ್ರಶ್ನೆ ಇಮ್ಮಡಿಯಾಗುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಮನುಷ್ಯನನ್ನು ಟ್ಯಾಂಕಿನೊಳಗೆ ಇಳಿಸುವುದು. ಮುಚ್ಚಿದ ಟ್ಯಾಂಕಿನಲ್ಲಿ ಪ್ರಾಣವಾಯು ಇರುವುದಿಲ್ಲ. ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತವೆ. ಎರಡನೆಯದು ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲ, ಇಳಿಯಬಹುದು ಎಂದುಕೊಂಡವನು ಎರಡನೆಯ ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ, ಆ ಇಬ್ಬರನ್ನು ಎತ್ತಲು ಇಳಿದ ಮೂರನೆಯವನೂ ಬೀಳುತ್ತಾರೆ. ಇಂಥ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಒಂದಕ್ಕೆ ನಿಲ್ಲದಿರುವುದು ಈ ಕಾರಣದಿಂದಲೇ. ಬಿದ್ದವನನ್ನು ಕಂಡರೆ ಇಳಿಯಬಾರದು. ಮುಚ್ಚಳಗಳನ್ನೆಲ್ಲ ತೆರೆದು, ಬೆಂಕಿಯನ್ನು ದೂರವಿಟ್ಟು, 112ಕ್ಕೆ ಅಥವಾ 108ಕ್ಕೆ ಕರೆ ಮಾಡಬೇಕು.

ಕಾಯಿದೆಯು ಇಲ್ಲಿ ಬಹಳ ಕಠಿಣವಾಗಿದೆ. 2013ರ ಕೈಯಿಂದ ಮಲ ಬಳಿಯುವ ಪದ್ಧತಿಯ ನಿಷೇಧ ಕಾಯಿದೆಯ 7ನೆಯ ಕಲಮು ಯಾವುದೇ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಇನ್ನೊಬ್ಬನನ್ನು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಕೆಲಸಕ್ಕೆ ನೇಮಿಸಕೂಡದೆನ್ನುತ್ತದೆ. ಮನೆಯ ಮಾಲಕನೂ ಆ ಮಾತಿನೊಳಗೆ ಬರುತ್ತಾನೆ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ; ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮುಂಬಯಿಯ ಖಾಸಗಿ ವಸತಿ ಸಂಘವೊಂದರ ಟ್ಯಾಂಕಿನಲ್ಲಿ 2019ರಲ್ಲಿ ಮೂವರು ಸತ್ತಾಗ, ಸರಕಾರವು ಮೊದಲು ಪರಿಹಾರ ಕೊಟ್ಟು ಆಮೇಲೆ ಹೊಣೆಗಾರರಿಂದ ವಸೂಲು ಮಾಡಿಕೊಳ್ಳಬಹುದೆಂದು ಮುಂಬಯಿ ಹೈಕೋರ್ಟು 2021ರಲ್ಲಿ ಆದೇಶಿಸಿತು. ಐದುನೂರು ರೂಪಾಯಿ ಉಳಿಸಲು ಬಡವನೊಬ್ಬನನ್ನು ಇಳಿಸುವವನು ಆ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಯಾವ ಜಾತಿಯವರನ್ನು ಕರೆದು ಈ ಕೆಲಸಕ್ಕೆ ಇಳಿಸಲಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಾಯಿದೆ ತಡೆಯುವ ಮೊದಲೇ ಮನಸ್ಸು ತಡೆಯಬೇಕಿತ್ತು.

ಇಷ್ಟೆಲ್ಲ ನಿಯಮಗಳು ಉಮದಿ, ಸಂಖ, ಮಾಡಗ್ಯಾಳ, ಬಿಳೂರಿನ ಮನೆಗಳಿಗೆ ತಲುಪದಿರಲು ಭಾಷೆಯೂ ಒಂದು ಕಾರಣ. ಅರ್ಜಿ ಮರಾಠಿಯಲ್ಲಿ, ಹಮೀಪತ್ರ ಮರಾಠಿಯಲ್ಲಿ, ಗ್ರಾಮಸಭೆಯ ನಡಾವಳಿ ಮರಾಠಿಯಲ್ಲಿ. ಮರಾಠಿ ಆಡಬಲ್ಲವರಿಗೂ ಕಾಯಿದೆಯ ಮರಾಠಿ ಸುಲಭವಲ್ಲ. ಏಜಂಟನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದವನು, ಟ್ಯಾಂಕನ್ನು ನಿಯಮದಂತೆ ಕಟ್ಟುತ್ತೇನೆಂದು ತಾನೇ ಬರೆದುಕೊಟ್ಟಿದ್ದಾನೆಂಬುದನ್ನು ಅರಿಯನು. ತಾಲೂಕಿನಲ್ಲಿ ಶೇಕಡಾ 15 ಅಥವಾ ಅದಕ್ಕಿಂತ ಹೆಚ್ಚು ಜನ ಒಂದು ಅಲ್ಪಸಂಖ್ಯಾತ ಭಾಷೆಯನ್ನು ಆಡುತ್ತಿದ್ದರೆ ಮಹತ್ವದ ನಿಯಮ, ಸೂಚನೆಗಳನ್ನು ಆ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬುದು ಭಾಷಿಕ ಅಲ್ಪಸಂಖ್ಯಾತರಿಗೆ ದೇಶವು ಒಪ್ಪಿಕೊಂಡ ಸಂರಕ್ಷಣೆ. ಸಂವಿಧಾನದ 350ನೆಯ ಅನುಚ್ಛೇದವು ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಟ್ಟಿದೆ. ಕನ್ನಡ ಶಾಲೆಗಾಗಿ ದನಿ ಎತ್ತುವಾಗ ಕನ್ನಡದಲ್ಲೊಂದು ಮನೆ ಕಟ್ಟುವ ಸೂಚನಾಪತ್ರಕ್ಕಾಗಿಯೂ ದನಿ ಎತ್ತುವುದು ನ್ಯಾಯ. ಅದು ಗಡಿಯ ಜಗಳವಲ್ಲ, ಆರೋಗ್ಯದ ಮಾತು.

ಸಾಂಗಲಿ ಜಿಲ್ಲೆಗೆ ಈ ಕೆಲಸ ಹೊಸದೂ ಅಲ್ಲ. ಸಂತ ಗಾಡಗೇ ಬಾಬಾ ಗ್ರಾಮ ಸ್ವಚ್ಛತಾ ಅಭಿಯಾನವನ್ನು 2000ರಲ್ಲಿ ಆರಂಭಿಸಿದ ಆಗಿನ ಗ್ರಾಮವಿಕಾಸ ಮಂತ್ರಿ ಆರ್. ಆರ್. ಪಾಟೀಲರು ಇದೇ ಜಿಲ್ಲೆಯ ತಾಸಗಾಂವ ತಾಲೂಕಿನವರು. ಆಗ ಪೊರಕೆ ಹಿಡಿದು ಓಣಿ ಗುಡಿಸಿದ ಜನರೇ ಇಂದು ಕಣ್ಣಿಗೆ ಕಾಣದ ಕೊಳೆಯತ್ತ ತಿರುಗಬೇಕಾಗಿದೆ. 2018ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಗ್ರಾಮೀಣ ಭಾಗವು ಬಯಲು ಶೌಚದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಬಯಲಿನಲ್ಲಿದ್ದದ್ದು ನೆಲದೊಳಕ್ಕೆ ಹೋಯಿತು. ಅಲ್ಲಿಂದ ಕೊಡಕ್ಕೆ ಬಾರದಂತೆ ನೋಡುವುದು ಉಳಿದ ಕೆಲಸ.

ಅದಕ್ಕೆ ದಾರಿಗಳು ಊರಿನಲ್ಲಿಯೇ ಇವೆ. ಜಲಜೀವನ ಅಭಿಯಾನದಲ್ಲಿ ಪ್ರತಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಆ ಐವರು ಯಾರು, ಪೆಟ್ಟಿಗೆ ಎಲ್ಲಿದೆ ಎಂದು ಕೇಳಬೇಕು. ಸಣ್ಣ ಸೀಸೆಯಲ್ಲಿ ಹಾಕಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಗಾದರೆ ಮಲದ ಸೋಂಕು ಇರುವ ಶಂಕೆ. ಅದಕ್ಕೆ ಓದು ಬರಹವೂ ಬೇಡ. ಆರೋಗ್ಯ ಖಾತೆಯು ಊರಿನ ನೀರಿನ ಮೂಲಗಳ ಸಮೀಕ್ಷೆ ನಡೆಸಿ ಪಂಚಾಯತಿಗೆ ಕೆಂಪು, ಹಳದಿ, ಹಸಿರು ಕಾರ್ಡು ಕೊಡುತ್ತದೆ. ಈ ಸಲ ಯಾವ ಬಣ್ಣ ಬಂದಿದೆ ಎಂಬುದನ್ನು ಚಾವಡಿಯ ಫಲಕದಲ್ಲಿ ಬರೆಯಿಸಬೇಕು. ಬರುವ ಗ್ರಾಮಸಭೆಯಲ್ಲಿ ಮೂರು ಠರಾವುಗಳು ಸಾಕು: ಸಾರ್ವಜನಿಕ ಬಾವಿ, ಬೋರುಗಳ ಸುತ್ತ 12 ಮೀಟರಿನ ಗೆರೆ ಎಳೆದು ಒಳಗಿರುವ ಹೊಂಡಗಳ ಯಾದಿ ಮಾಡುವುದು; ನಾಲ್ಕಾರು ಊರುಗಳು ಕೂಡಿ ಕೆಸರಿನ ಟ್ಯಾಂಕರಿಗೂ ಅದನ್ನು ಒಣಗಿಸುವ ಜಾಗಕ್ಕೂ ಸ್ವಚ್ಛ ಭಾರತದ ಎರಡನೆಯ ಹಂತದ ನಿಧಿಯಿಂದ ಬೇಡಿಕೆ ಇಡುವುದು; ನಿಯಮದ ಕನ್ನಡ ಪ್ರತಿಯನ್ನು ಪಂಚಾಯತಿಯ ಗೋಡೆಗೆ ಅಂಟಿಸುವುದು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ. ಮಳೆಗಾಲಕ್ಕೆ ಮೊದಲು ಆಗಬೇಕು, ಅಷ್ಟೇ. ಮೊದಲ ದೊಡ್ಡ ಮಳೆಗೆ ಹೊಂಡಗಳು ತುಂಬಿ ಬಾವಿಗೆ ಇಳಿದ ಮೇಲೆ ಎಚ್ಚರಗೊಳ್ಳುವುದು ಬಾಯಾರಿದಾಗ ಬಾವಿ ತೋಡಿದಂತೆ.